ಡೊಂರೆಮಿಯ ಮರ ಮತ್ತು ಎರಡು ನ್ಯಾಯಾಲಯಗಳು

1431ರ ಫೆಬ್ರುವರಿ 24ರಂದು ಉತ್ತರ ಫ್ರಾನ್ಸಿನ ರೂಆನ್ ಕೋಟೆಯಲ್ಲಿ ಒಂದು ಮರದ ವಿಚಾರಣೆ ನಡೆಯಿತು. ಮರ ಇದ್ದದ್ದು ಅಲ್ಲಿಂದ ಬಹು ದೂರದಲ್ಲಿ, ಮ್ಯೂಸ್ ನದಿಯ ದಂಡೆಯ ಡೊಂರೆಮಿ ಎಂಬ ಹಳ್ಳಿಯ ಹೊರಗೆ. ಕೋಟೆಯೊಳಗೆ ಪ್ಯಾರಿಸ್ ವಿಶ್ವವಿದ್ಯಾಲಯದ ದೇವತಾಶಾಸ್ತ್ರಜ್ಞರೂ ಚರ್ಚ್ ಕಾನೂನು ಬಲ್ಲ ಪಾದ್ರಿಗಳೂ ಸಾಲಾಗಿ ಕುಳಿತಿದ್ದರು. ಅವರ ಎದುರಿಗಿದ್ದವಳಿಗೆ ಹತ್ತೊಂಬತ್ತರ ಆಸುಪಾಸು. ಎರಡು ವರ್ಷಗಳ ಹಿಂದೆ ಓರ್ಲಿಯಾನ್ ನಗರದ ಮುತ್ತಿಗೆಯನ್ನು ಮುರಿದ ಸೈನ್ಯದ ಮುಂದೆ ಧ್ವಜ ಹಿಡಿದು ನಿಂತಿದ್ದ ಹುಡುಗಿ ಅವಳು, ಜೋನ್ ಆಫ್ ಆರ್ಕ್. ಕೋಟೆ, ಕತ್ತಿ, ಫಿರಂಗಿಗಳ ವಿಷಯ ಕೇಳುವುದಕ್ಕೆ ಬೇಕಾದಷ್ಟಿತ್ತು. ಆ ದಿನ ಅವರು ಬಹಳ ಹೊತ್ತು ಕೇಳಿದ್ದು ಮರದ ವಿಷಯ.

ಜೋನ್ ಮುಚ್ಚಿಡದೆ ಹೇಳಿದಳು. ಹೌದು, ಊರ ಹತ್ತಿರ ದೊಡ್ಡದೊಂದು ಬೀಚ್ ಮರವಿದೆ. ಕೆಲವರು ಅದನ್ನು ‘ಒಡತಿಯರ ಮರ’ ಎನ್ನುತ್ತಾರೆ, ಕೆಲವರು ‘ಯಕ್ಷಿಯರ ಮರ’ ಎನ್ನುತ್ತಾರೆ. ಪಕ್ಕದಲ್ಲಿ ನೀರಿನ ಬುಗ್ಗೆಯಿದೆ. ಜ್ವರ ಬಂದವರು ಅದರ ನೀರು ಕುಡಿಯುತ್ತಾರೆ. ವಾಸಿಯಾಗುತ್ತದೋ ಇಲ್ಲವೋ ತನಗೆ ಗೊತ್ತಿಲ್ಲ. ಓರಗೆಯ ಹುಡುಗಿಯರ ಜೊತೆ ಅಲ್ಲಿಗೆ ಹೋಗಿ ಆಡಿದ್ದುಂಟು, ಊರಿನ ಮರಿಯಮ್ಮನ ಮೂರ್ತಿಗೆ ಹೂಮಾಲೆ ಕಟ್ಟಿದ್ದುಂಟು, ಒಮ್ಮೊಮ್ಮೆ ಕೊಂಬೆಗೂ ಮಾಲೆ ತೂಗುಹಾಕಿದ್ದುಂಟು. ಕುಣಿದಿರಲೂಬಹುದು, ಆದರೆ ಕುಣಿದದ್ದಕ್ಕಿಂತ ಹಾಡಿದ್ದೇ ಹೆಚ್ಚು. ಅಲ್ಲಿ ಯಕ್ಷಿಯರನ್ನು ಕಂಡಿದ್ದೇನೆಂದು ತನ್ನ ಧರ್ಮಮಾತೆಯರಲ್ಲಿ (ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊತ್ತವರಲ್ಲಿ) ಒಬ್ಬಳು ಹೇಳಿದ್ದು ಕೇಳಿದ್ದಾಳೆ. ನಿಜವೋ ಸುಳ್ಳೋ ತಿಳಿಯದು. ತಾನಂತೂ ಕಂಡಿಲ್ಲ.

ಯಾವ ಊರಿನ ಮಗುವಾದರೂ ಹೇಳಬಹುದಾದ ಮಾತುಗಳು. ಇದೇ ಮಾತುಗಳು ಮುಂದೆ ಆರೋಪಪಟ್ಟಿಯಲ್ಲಿ ಯಾವ ರೂಪ ತಾಳಿದವು, ಇಪ್ಪತ್ತೈದು ವರ್ಷದ ನಂತರ ಇನ್ನೊಂದು ನ್ಯಾಯಾಲಯದಲ್ಲಿ ಅದೇ ಮರ ಹೇಗೆ ಪವಿತ್ರವಾಯಿತು ಎಂಬುದನ್ನು ನೋಡಿದರೆ, ಆರು ಶತಮಾನದ ನಂತರವೂ ಈ ಹುಡುಗಿಯನ್ನು ಎಲ್ಲರೂ ತಮ್ಮವಳೆಂದು ಎಳೆದಾಡುವುದು ಏಕೆಂದು ಅರ್ಥವಾಗುತ್ತದೆ.

ಎಳೆದಾಟ ಇಂದಿಗೂ ನಿಂತಿಲ್ಲ. ಪ್ಯಾರಿಸ್ಸಿನ ಪಿರಮಿಡ್ ಚೌಕದಲ್ಲಿ ಶಿಲ್ಪಿ ಫ್ರೆಮಿಯೆ 1874ರಲ್ಲಿ ನಿಲ್ಲಿಸಿದ, ಚಿನ್ನದ ಲೇಪದ ಅಶ್ವಾರೂಢ ಜೋನಳ ಪ್ರತಿಮೆಯಿದೆ. ಜ್ಯಾನ್ ಮರಿ ಲ ಪೆನ್ ಅವರ ತೀವ್ರ ಬಲಪಂಥೀಯ ಪಕ್ಷ ದಶಕಗಳ ಕಾಲ ಮೇ 1ರಂದು, ಅದೂ ಕಾರ್ಮಿಕರ ದಿನದಂದು, ಆ ಪ್ರತಿಮೆಗೆ ಹಾರ ಹಾಕಿ ವಲಸಿಗರ ವಿರುದ್ಧ ಭಾಷಣ ಮಾಡುತ್ತ ಬಂದಿತು. ಸರ್ಕಾರದ ಲೆಕ್ಕದಲ್ಲಿ ಅವಳ ದಿನ ಬೇರೆ: 1920ರ ಕಾನೂನಿನ ಪ್ರಕಾರ ಮೇ ತಿಂಗಳ ಎರಡನೆಯ ಭಾನುವಾರ. ಓರ್ಲಿಯಾನ್ ನಗರಕ್ಕೆ ಮುತ್ತಿಗೆ ತೆರವಾದ ಮೇ 8ನೇ ತಾರೀಖು ಮುಖ್ಯ. ಇಮಾನ್ಯುಯೆಲ್ ಮಾಕ್ರೋನ್ ಇನ್ನೂ ಮಂತ್ರಿಯಾಗಿದ್ದಾಗಲೇ, 2016ರ ಮೇ 8ರಂದು, ಅಲ್ಲಿಗೆ ಹೋಗಿ ಅವಳ ಕುರಿತು ಭಾಷಣ ಮಾಡಿದ್ದರು. ಮರುವರ್ಷ ಅವರು ಅಧ್ಯಕ್ಷರಾದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರೊಂದಿಗೆ ಕೈಜೋಡಿಸಿದ್ದ ವಿಶಿ ಸರ್ಕಾರಕ್ಕೆ ಅವಳು ಇಂಗ್ಲಿಷರ ವೈರಿ; ಜರ್ಮನರ ವಿರುದ್ಧ ಹೋರಾಡಿದವರಿಗೆ ಅವಳು ಆಕ್ರಮಣಕಾರರ ವೈರಿ. ಈಚೆಗೆ ಅವಳ ಗಂಡುಡುಪಿನ ಸುತ್ತ ಲಿಂಗತ್ವದ ಚರ್ಚೆ, ಅವಳಿಗೆ ಕೇಳಿದ ಧ್ವನಿಗಳ ಸುತ್ತ ಅಪಸ್ಮಾರವೋ ಇನ್ನೊಂದೋ ಎಂಬ ವೈದ್ಯಕೀಯ ಊಹೆಗಳು ಸೇರಿಕೊಂಡಿವೆ.

ಇವರೆಲ್ಲರ ಕೈಯಲ್ಲಿರುವ ಆಧಾರ ಬಹುಪಾಲು ಒಂದೇ. ಜೋನಳ ಬಾಲ್ಯದ ಬಗ್ಗೆ ಅವಳು ಬದುಕಿದ್ದಾಗ ಯಾರೂ ಚರಿತ್ರೆ ಬರೆಯಲಿಲ್ಲ. ನಮಗೆ ತಿಳಿದಿರುವುದರಲ್ಲಿ ಹೆಚ್ಚಿನದು ಎರಡು ನ್ಯಾಯಾಲಯಗಳ ಕಡತಗಳಿಂದ ಬಂದದ್ದು: ಅವಳನ್ನು ಸುಡಿಸಿದ 1431ರ ವಿಚಾರಣೆ ಒಂದು, ಆ ತೀರ್ಪನ್ನು ರದ್ದುಮಾಡಿದ 1455-56ರ ವಿಚಾರಣೆ ಇನ್ನೊಂದು. ಎರಡಕ್ಕೂ ಬೇಕಾದ ಉತ್ತರ ಮೊದಲೇ ನಿಶ್ಚಯವಾಗಿತ್ತು.

ಮೊದಲು ಹೆಸರಿನ ಗೊಂದಲವೊಂದನ್ನು ಬಿಡಿಸಿಬಿಡಬೇಕು. ‘ಜೋನ್ ಆಫ್ ಆರ್ಕ್’ ಎಂದು ಶಾಲೆಯಲ್ಲಿ ಓದಿದ ನಮ್ಮಲ್ಲಿ ಹಲವರು ಆರ್ಕ್ ಎಂಬುದೊಂದು ಊರೆಂದು ತಿಳಿದಿದ್ದೇವೆ. ಅವಳ ಊರು ಡೊಂರೆಮಿ. ಆರ್ಕ್ ಅಪ್ಪನ ಅಡ್ಡಹೆಸರು. ಊರಿನಲ್ಲಿ ತನ್ನನ್ನು ಜಾನೆತ್ ಎನ್ನುತ್ತಿದ್ದರು, ಫ್ರಾನ್ಸಿಗೆ ಬಂದ ಮೇಲೆ ಜಾನ್ ಎಂದರು ಎಂದು ಅವಳು ಕೋರ್ಟಿನಲ್ಲಿ ಹೇಳಿದಳು. ಅಡ್ಡಹೆಸರು ಆರ್ಕ್ ಅಥವಾ ರೊಮೆ ಎಂದಳು, ಯಾಕೆಂದರೆ ತನ್ನ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ತಾಯಿಯ ಅಡ್ಡಹೆಸರು ಬರುತ್ತದೆ. ತನ್ನನ್ನು ತಾನು ಕರೆದುಕೊಂಡದ್ದು ‘ಕನ್ಯೆ ಜೋನ್’ ಎಂದು. ‘ಫ್ರಾನ್ಸಿಗೆ ಬಂದ ಮೇಲೆ’ ಎಂಬ ಮಾತನ್ನೂ ಗಮನಿಸಬೇಕು. ಇಂದು ರಾಷ್ಟ್ರೀಯತೆಯ ಕಳಶವಾಗಿರುವ ಹುಡುಗಿಗೆ ತನ್ನ ಹುಟ್ಟೂರು ‘ಫ್ರಾನ್ಸ್’ ಆಗಿರಲಿಲ್ಲ, ಅದು ಗಡಿಸೀಮೆ.

ಆ ಸೀಮೆಯ ಬದುಕು ಸುಖದ್ದಾಗಿರಲಿಲ್ಲ. 1420ರ ತ್ರೊವಾ ಒಪ್ಪಂದ ಫ್ರಾನ್ಸಿನ ಯುವರಾಜ ಚಾರ್ಲ್ಸ್‌ನ ಹಕ್ಕನ್ನು ಕಿತ್ತುಕೊಂಡು, ಸಿಂಹಾಸನ ಇಂಗ್ಲೆಂಡಿನ ಅರಸುಮನೆತನಕ್ಕೆ ಸಲ್ಲಬೇಕೆಂದಿತ್ತು. 1422ರಲ್ಲಿ ಎರಡೂ ದೇಶಗಳ ರಾಜರು ಕೆಲವೇ ವಾರಗಳ ಅಂತರದಲ್ಲಿ ಸತ್ತಾಗ ಇಂಗ್ಲಿಷರ ಕಡೆಯ ‘ಫ್ರಾನ್ಸಿನ ರಾಜ’ ಇನ್ನೂ ತೊಟ್ಟಿಲ ಕೂಸು. ಬರ್ಗಂಡಿಯ ಡ್ಯೂಕ್ ಇಂಗ್ಲಿಷರ ಪಕ್ಷ. ಡೊಂರೆಮಿ ಚಾರ್ಲ್ಸ್‌ನ ಪಕ್ಷ, ನೆರೆಯ ಮ್ಯಾಕ್ಸಿ ಗ್ರಾಮ ಬರ್ಗಂಡಿಯ ಪಕ್ಷ. ಎರಡೂ ಊರಿನ ಹುಡುಗರು ಬಡಿದಾಡಿಕೊಂಡು ಗಾಯವಾಗಿ, ರಕ್ತ ಸುರಿಸಿಕೊಂಡು ಮನೆಗೆ ಬರುವುದನ್ನು ಕಂಡಿದ್ದೇನೆ ಎಂದು ಜೋನ್ ಹೇಳಿದ್ದಾಳೆ. ತನ್ನೂರಿನಲ್ಲಿ ಬರ್ಗಂಡಿಯ ಪಕ್ಷದವನು ಒಬ್ಬನೇ ಇದ್ದ, ದೇವರು ಒಪ್ಪಿದರೆ ಅವನ ತಲೆ ಉರುಳಲೆಂದು ಬಯಸಿದ್ದೆ ಎಂದೂ ಹೇಳಿದಳು. ಸಂತರ ಚಿತ್ರಪಟಗಳಲ್ಲಿ ಈ ಹುಡುಗಿ ಕಾಣುವುದಿಲ್ಲ. ನನಗೆ ಮಾತ್ರ ಇಡೀ ಕಡತದಲ್ಲಿ ಅವಳ ಬಾಲ್ಯ ಅತ್ಯಂತ ಜೀವಂತವಾಗಿ ಕಾಣುವುದು ಈ ವಾಕ್ಯದಲ್ಲೇ.

ಅಪ್ಪ ಜಾಕ್ ಕಡುಬಡವನಲ್ಲ. ಸ್ವಂತ ಜಮೀನಿದ್ದ ರೈತ, ಊರಿನ ಆಡಳಿತದಲ್ಲಿ ಜವಾಬ್ದಾರಿ ಹೊತ್ತವನು. ತಾಯಿ ಇಸಬೆಲ್ ಮಗಳಿಗೆ ಪರಲೋಕ ಪ್ರಾರ್ಥನೆ, ನಮೋ ಮರಿಯಾ, ವಿಶ್ವಾಸ ಸಂಗ್ರಹ ಮೂರನ್ನೂ ಕಲಿಸಿದಳು. ತನ್ನ ನಂಬಿಕೆಯನ್ನು ತಾಯಿಯಲ್ಲದೆ ಬೇರೆ ಯಾರಿಂದಲೂ ಕಲಿಯಲಿಲ್ಲ ಎಂದು ಜೋನ್ ಹೇಳಿದಳು. ನೂಲುವುದರಲ್ಲಿ, ಹೊಲಿಯುವುದರಲ್ಲಿ ರೂಆನ್‌ನ ಯಾವ ಹೆಂಗಸಿಗೂ ತಾನು ಹೆದರುವವಳಲ್ಲ ಎಂದದ್ದು ಅದೇ ಕೋರ್ಟಿನಲ್ಲಿ. ಸುಮಾರು ಹದಿಮೂರರ ವಯಸ್ಸಿನಲ್ಲಿ, ಬೇಸಿಗೆಯ ಒಂದು ಮಧ್ಯಾಹ್ನ, ಅಪ್ಪನ ತೋಟದಲ್ಲಿ ಮೊದಲ ಬಾರಿ ಧ್ವನಿ ಕೇಳಿಸಿತು. ತುಂಬ ಹೆದರಿದೆ ಎಂದಳು. ಅಪ್ಪನಿಗೆ ಮಗಳು ಸೈನಿಕರ ಜೊತೆ ಹೊರಟುಹೋದಂತೆ ಕನಸು ಬಿತ್ತಂತೆ. ಹಾಗೇನಾದರೂ ಆಗುವಂತಿದ್ದರೆ ಅವಳನ್ನು ನೀರಿನಲ್ಲಿ ಮುಳುಗಿಸಿಬಿಡಿ, ನಿಮ್ಮಿಂದ ಆಗದಿದ್ದರೆ ನಾನೇ ಮುಳುಗಿಸುತ್ತೇನೆ ಎಂದು ಅವನು ಗಂಡುಮಕ್ಕಳಿಗೆ ಹೇಳಿದನೆಂದು ತಾಯಿಯಿಂದ ಕೇಳಿದ್ದಳು. ಸೈನಿಕರ ಹಿಂದೆ ಹೋಗುವ ಹೆಣ್ಣೆಂದರೆ ಆ ಅಪ್ಪನಿಗೆ ಒಂದೇ ಅರ್ಥ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ, ಬೇಗ ದಾಟೋಣ. 1428ರ ಮೇ ತಿಂಗಳಲ್ಲಿ ವೊಕೂಲರ್ ಕೋಟೆಯ ನಾಯಕ ರಾಬರ್ಟ್ ಬೊದ್ರಿಕೂರ್ ಅವಳಿಗೆ ನಾಲ್ಕು ಬಾರಿಸಿ ಮನೆಗೆ ಕಳಿಸೆಂದು ಅವಳ ಜೊತೆಗೆ ಬಂದಿದ್ದ ಬಂಧುವಿಗೆ ಹೇಳಿದ. ಮರುವರ್ಷ ಅವನೇ ಬೆಂಗಾವಲು ಕೊಟ್ಟು ಶಿನೊನ್‌ನಲ್ಲಿದ್ದ ಚಾರ್ಲ್ಸ್‌ನ ಬಳಿಗೆ ಕಳಿಸಿದ. ಪ್ವಾತಿಯೆ ನಗರದಲ್ಲಿ ಚಾರ್ಲ್ಸ್‌ನ ಕಡೆಯ ದೇವತಾಶಾಸ್ತ್ರಜ್ಞರು ವಾರಗಟ್ಟಲೆ ಅವಳನ್ನು ಪರೀಕ್ಷಿಸಿ, ದೋಷವೇನೂ ಇಲ್ಲವೆಂದರು. 1429ರ ಮೇ 8ರಂದು ಓರ್ಲಿಯಾನ್ ಮುತ್ತಿಗೆ ತೆರವಾಯಿತು, ಜೂನ್ 18ರಂದು ಪತೇಯಲ್ಲಿ ಗೆಲುವು, ಜುಲೈ 17ರಂದು ರೀಮ್ಸ್ ಕೆಥೆಡ್ರಲ್‌ನಲ್ಲಿ ಚಾರ್ಲ್ಸ್‌ನ ಪಟ್ಟಾಭಿಷೇಕ. ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಗೋಡೆಯೆದುರು ಸೋಲು. 1430ರ ಮೇ 23ರಂದು ಕಾಂಪಿಯೆನ್‌ನಲ್ಲಿ ಬರ್ಗಂಡಿಯವರ ಕೈಗೆ ಸೆರೆಸಿಕ್ಕಳು. ಅವರು ಅವಳನ್ನು 10,000 ಲಿವ್ರ್ ನಾಣ್ಯಗಳಿಗೆ ಇಂಗ್ಲಿಷರಿಗೆ ಒಪ್ಪಿಸಿದರು. ಯಾರಿಗೆ ಕಿರೀಟ ತೊಡಿಸಿದ್ದಳೋ ಆ ರಾಜ ಅವಳನ್ನು ಬಿಡಿಸಿಕೊಳ್ಳಲು ಕೈಹಾಕಲಿಲ್ಲ.

ಇಂಗ್ಲಿಷರು ಅವಳನ್ನು ಯುದ್ಧಕೈದಿಯಾಗಿ ಇಟ್ಟುಕೊಳ್ಳಬಹುದಿತ್ತು. ಅವರಿಗೆ ಬೇಕಾಗಿದ್ದದ್ದು ಅದಲ್ಲ. ಚಾರ್ಲ್ಸ್‌ನ ಪಟ್ಟಾಭಿಷೇಕದ ಹಿಂದೆ ದೈವಪ್ರೇರಣೆ ಇದೆಯೆಂಬ ನಂಬಿಕೆ ಮುರಿಯಬೇಕಿತ್ತು. ಅದಕ್ಕೆ ಖಡ್ಗ ಸಾಲದು, ಚರ್ಚಿನ ತೀರ್ಪೇ ಬೇಕು. ಅವಳ ಪ್ರೇರಣೆ ದೈವದ್ದಲ್ಲ, ಸೈತಾನನದ್ದು ಎಂದು ತೋರಿಸಲು ಅದು ಎಲ್ಲಿ ಮೊಳೆಯಿತೆಂದು ಕಂಡುಹಿಡಿಯಬೇಕು; ಅಂದರೆ ಬಾಲ್ಯಕ್ಕೆ ಹೋಗಬೇಕು. ಓರ್ಲಿಯಾನ್ ಬಿಟ್ಟು ಬೀಚ್ ಮರವನ್ನು ಕೇಳಿದ್ದಕ್ಕೆ ಕಾರಣ ಇದು.

ಅವಳು ಸೆರೆಸಿಕ್ಕಿದ ಸ್ಥಳ ತನ್ನ ಧರ್ಮಪ್ರಾಂತದ್ದೆಂಬ ಆಧಾರದ ಮೇಲೆ ಬೋವೇಯ ಬಿಷಪ್ ಪಿಯೆರ್ ಕೊಶೋನ್ ಮುಖ್ಯ ನ್ಯಾಯಾಧೀಶನಾದ. ಅವನು ಇಂಗ್ಲಿಷ್ ಪಕ್ಷದ ರಾಜಕಾರಣಿಯೂ ಹೌದು. ಜೊತೆಗೆ ಇನ್ಕ್ವಿಸಿಷನ್ನಿನ, ಅಂದರೆ ಧರ್ಮದ್ರೋಹವನ್ನು ವಿಚಾರಿಸುವ ಚರ್ಚಿನ ವ್ಯವಸ್ಥೆಯ, ಪ್ರತಿನಿಧಿ ಜ್ಯಾನ್ ಲಮೇತ್ರ್, ಅಷ್ಟೇನೂ ಮನಸ್ಸಿಲ್ಲದೆ ಬಂದವನು. ಮೊದಲ ಬಹಿರಂಗ ವಿಚಾರಣೆ ಫೆಬ್ರುವರಿ 21ರಂದು ನಡೆದಾಗ ನಲವತ್ತಕ್ಕೂ ಹೆಚ್ಚು ಪಂಡಿತರು ಕುಳಿತಿದ್ದರು. ಅವಳ ಪರವಾಗಿ ಮಾತನಾಡಲು ವಕೀಲನಿರಲಿಲ್ಲ. ಆಗಲೂ ಅವಳ ಮೊದಲ ನಡೆ ಕಾನೂನಿನದೇ. ಕೇಳಿದ್ದಕ್ಕೆಲ್ಲ ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡೆಂದರೆ, ಏನು ಕೇಳುತ್ತೀರೆಂದೇ ತಿಳಿಯದೆ ಹೇಗೆ ಮಾಡಲಿ ಎಂದಳು. ಅಪ್ಪ-ಅಮ್ಮನ ವಿಷಯಕ್ಕೆ, ತಾನು ಮಾಡಿದ ಕೆಲಸಗಳ ವಿಷಯಕ್ಕೆ ಪ್ರಮಾಣ ಮಾಡಲು ಸಿದ್ಧ. ತನಗಾದ ದರ್ಶನಗಳ ವಿಷಯಕ್ಕೆ ಇಲ್ಲ. ಪರಲೋಕ ಪ್ರಾರ್ಥನೆ ಹೇಳೆಂದು ಬಿಷಪ್ ಅಂದಾಗ, ನೀವು ನನ್ನ ಪಾಪನಿವೇದನೆ ಕೇಳುವುದಾದರೆ ಹೇಳುತ್ತೇನೆ ಎಂದಳು. ಪಾಪನಿವೇದನೆ ಕೇಳಿದ ಪಾದ್ರಿ ಅದನ್ನು ಹೊರಗೆ ಹೇಳುವಂತಿಲ್ಲ. ಈ ಉತ್ತರದಲ್ಲಿ ಭಕ್ತಿ ಎಷ್ಟು, ಜಾಣತನ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಮರದ ಬಗ್ಗೆ ಕೇಳಿದ ದಿನವೇ ಇನ್ನೊಂದು ಪ್ರಶ್ನೆ ಬಂತು: ನೀನು ದೇವರ ಕೃಪೆಯಲ್ಲಿದ್ದೀಯಾ? ಹೌದೆಂದರೆ ಅಹಂಕಾರ, ಏಕೆಂದರೆ ತನಗೆ ದೇವಕೃಪೆಯಿದೆಯೆಂದು ಯಾರೂ ಖಚಿತವಾಗಿ ಹೇಳಲಾರರೆಂಬುದು ಚರ್ಚಿನ ಬೋಧನೆ. ಇಲ್ಲವೆಂದರೆ ಪಾಪದ ಒಪ್ಪಿಗೆ. “ಇಲ್ಲದಿದ್ದರೆ ದೇವರು ನನ್ನನ್ನು ಅದರಲ್ಲಿರಿಸಲಿ, ಇದ್ದರೆ ಅದರಲ್ಲೇ ಉಳಿಸಲಿ” ಎಂದಳು. ಅಂದು ಬರೆದುಕೊಳ್ಳುತ್ತಿದ್ದ ನೋಟರಿಗಳಲ್ಲಿ ಒಬ್ಬ ಮುಂದೆ, ಪ್ರಶ್ನೆ ಕೇಳಿದವರು ದಂಗಾದರು ಎಂದು ಸಾಕ್ಷಿ ನುಡಿದ. ಇಂಥ ಉತ್ತರಗಳು ಇನ್ನೂ ಇವೆ. ತನಗೆ ಕಾಣಿಸಿಕೊಂಡನೆಂದು ಅವಳು ಹೇಳಿದ್ದ ಸಂತ ಮೈಕಲ್ ಬಟ್ಟೆಯಿಲ್ಲದೆ ಬಂದಿದ್ದನೇ ಎಂದರೆ, ದೇವರ ಬಳಿ ಅವನಿಗೆ ಉಡಿಸಲು ಬಟ್ಟೆಯಿಲ್ಲವೆಂದುಕೊಂಡಿರಾ ಎಂದಳು. ಸಂತ ಮಾರ್ಗರೆಟ್ ಇಂಗ್ಲಿಷ್ ಮಾತಾಡುತ್ತಾಳೆಯೇ ಎಂದರೆ, ಅವಳು ಇಂಗ್ಲಿಷರ ಪಕ್ಷದವಳಲ್ಲ, ಇಂಗ್ಲಿಷ್ ಏಕೆ ಮಾತಾಡುತ್ತಾಳೆ ಎಂದಳು. ಓದು ಬರದ ಹಳ್ಳಿಹುಡುಗಿ ಪಂಡಿತರ ಬಾಯಿ ಮುಚ್ಚಿಸಿದಳು ಎಂದು ಇವನ್ನು ಹೇಳಿ ಹೇಳಿ ನಾವು ಸವೆಸಿಬಿಟ್ಟಿದ್ದೇವೆ. ಅವಳಿಗೆ ನ್ಯಾಯಾಲಯ ಹೊಸದಲ್ಲ ಎಂಬುದನ್ನು ಮರೆಯುತ್ತೇವೆ. ಮದುವೆಯಾಗುವ ಮಾತು ಕೊಟ್ಟು ತಪ್ಪಿದಳೆಂದು ಯಾರೋ ಒಬ್ಬ ಊರಿನಲ್ಲಿದ್ದಾಗಲೇ ಅವಳ ಮೇಲೆ ತೂಲ್ ನಗರದ ಚರ್ಚ್ ನ್ಯಾಯಾಲಯದಲ್ಲಿ ದೂರು ಕೊಟ್ಟಿದ್ದ. ಹದಿನೇಳರ ಆಸುಪಾಸಿನ ಹುಡುಗಿ ತಾನೇ ಹೋಗಿ, ಅಂಥ ಮಾತೇ ಕೊಟ್ಟಿಲ್ಲವೆಂದು ನ್ಯಾಯಾಧೀಶನ ಮುಂದೆ ಪ್ರಮಾಣ ಮಾಡಿ ಬಂದಿದ್ದಳು.

ರೂಆನ್‌ನಲ್ಲಿ ಈ ಪ್ರಸಂಗವೂ ತಲೆಕೆಳಗಾಯಿತು. ಸರ್ಕಾರಿ ವಕೀಲನ ಸ್ಥಾನದಲ್ಲಿದ್ದ ಜ್ಯಾನ್ ದೆಸ್ತಿವೆ ಮಾರ್ಚ್ ಕೊನೆಯಲ್ಲಿ ಎಪ್ಪತ್ತು ಆರೋಪಗಳ ಪಟ್ಟಿ ಓದಿದ. ಅದರಲ್ಲಿ ದೂರು ಕೊಟ್ಟವಳು ಅವಳೇ, ಹುಡುಗ ಅವಳ ನಡತೆ ಕಂಡು ಮದುವೆಗೆ ಒಪ್ಪಲಿಲ್ಲ ಎಂದಾಯಿತು. ಇನ್ನೊಂದು ಆರೋಪ ನೋಡಿ. ಬರ್ಗಂಡಿಯ ದಂಡಿಗೆ ಹೆದರಿ 1428ರಲ್ಲಿ ಊರಿಗೆ ಊರೇ ನೆರೆಯ ನೆಫ್ಶಾತೊ ಪಟ್ಟಣಕ್ಕೆ ಓಡಿತ್ತು. ಜೋನ್ ಅಲ್ಲಿ ಲಾ ರೂಸ್ ಎಂಬ ಹೆಂಗಸಿನ ಮನೆಯಲ್ಲಿ ಸುಮಾರು ಹದಿನೈದು ದಿನ ಇದ್ದೆ ಎಂದಿದ್ದಳು. ಆರೋಪಪಟ್ಟಿಯಲ್ಲಿ ಅದು ಅಪ್ಪ-ಅಮ್ಮನ ಅಪ್ಪಣೆಯಿಲ್ಲದೆ ಹೋಗಿ, ನಡತೆಗೆಟ್ಟ ಹೆಂಗಸರೂ ಸೈನಿಕರೂ ತಂಗುವ ಹೋಟೆಲಿನಲ್ಲಿ ಚಾಕರಿ ಮಾಡಿ, ಕುದುರೆ ಸವಾರಿಯನ್ನೂ ಅಲ್ಲೇ ಕಲಿತ ಕಥೆಯಾಯಿತು. ನಿರಾಶ್ರಿತರ ಹುಡುಗಿ ಒಂದು ವಾಕ್ಯದಲ್ಲಿ ದಾರಿತಪ್ಪಿದವಳಾದಳು.

ಮರಕ್ಕೆ ಇನ್ನೂ ದೊಡ್ಡ ಪಾತ್ರ ಸಿಕ್ಕಿತು. ಚಿಕ್ಕಂದಿನಲ್ಲಿ ಅವಳಿಗೆ ಧರ್ಮದ ಮೂಲಪಾಠ ಸಿಗಲಿಲ್ಲ; ಮುದುಕಿಯರಿಂದ ಮಾಟ, ಮಂತ್ರ, ಯಕ್ಷಿಣಿ ವಿದ್ಯೆ ಕಲಿತಳು; ಅವಳ ಊರಿನವರೇ ಇಂಥದಕ್ಕೆ ಹೆಸರಾದವರು ಎಂದ ದೆಸ್ತಿವೆ. ಯಕ್ಷಿಯರ ಮಾತು ತನಗೆ ಗೊತ್ತಿಲ್ಲ, ಕಲಿಕೆಯ ಮಾತಾದರೆ ಒಳ್ಳೆಯ ಮಗು ಹೇಗೆ ಕಲಿಯಬೇಕೋ ಹಾಗೆ ನಂಬಿಕೆಯನ್ನು ಕಲಿತಿದ್ದೇನೆ ಎಂದು ಅವಳು ಉತ್ತರಿಸಿದಳು. ಇದು ಅವಳ ಮೇಲಿನ ಆರೋಪ ಮಾತ್ರವಲ್ಲ. ಇಸಬೆಲ್ ತಾಯಿಯಾಗಿ ಮಗಳನ್ನು ಬೆಳೆಸಿದ ರೀತಿಯ ಮೇಲೆ, ಒಂದು ಇಡೀ ಊರಿನ ಮೇಲೆ ಹೊರಿಸಿದ ಆರೋಪ. ಎಪ್ಪತ್ತನ್ನು ಹನ್ನೆರಡಕ್ಕೆ ಇಳಿಸಿ ಪ್ಯಾರಿಸ್ ವಿಶ್ವವಿದ್ಯಾಲಯದ ಅಭಿಪ್ರಾಯಕ್ಕೆ ಕಳಿಸಿದಾಗಲೂ ಮೊದಲನೆಯ ಕಲಮಿನಲ್ಲೇ ಮರ ಮತ್ತು ಬುಗ್ಗೆ ಉಳಿದುಕೊಂಡವು: ಅವಳು ಸಂತರೆಂದು ಪೂಜಿಸಿದವರು ಕಾಣಿಸಿಕೊಂಡ ಅಪವಿತ್ರ ಸ್ಥಳವಾಗಿ. ಅವಳು ಹೇಳಿದ್ದು ಅಷ್ಟು ಸರಳವಾಗಿರಲಿಲ್ಲ. ಬುಗ್ಗೆಯ ಬಳಿ ಧ್ವನಿ ಕೇಳಿದ್ದುಂಟು ಎಂದಿದ್ದಳು. ಮರದ ಬಳಿ ಕೇಳಿದ್ದೆಯಾ ಎಂದರೆ ಗೊತ್ತಿಲ್ಲ ಎಂದಿದ್ದಳು. ಮರದಿಂದಲೇ ತನಗೆ ಈ ಕೆಲಸ ಬಂತೆಂದು ಊರವರು ಆಡಿಕೊಳ್ಳುತ್ತಿದ್ದಾರೆಂದು ಅಣ್ಣ ಹೇಳಿದಾಗ, ಹಾಗಲ್ಲ ಎಂದಿದ್ದಳು.

ಹಾಗಾದರೆ ಇದು ಬರೀ ನಾಟಕವೇ? ಅನೇಕರು ಹಾಗೆಂದು ತಳ್ಳಿಹಾಕುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನಾಟಕವಾಗಿದ್ದರೆ ಅವಳ ಉತ್ತರಗಳು ನಮಗೆ ಉಳಿಯುತ್ತಿರಲಿಲ್ಲ. ಗಿಯೋಮ್ ಮಾನ್ಶೋನ್ ಮೊದಲಾದ ನೋಟರಿಗಳು ದಿನದಿನದ ಪ್ರಶ್ನೋತ್ತರವನ್ನು ಫ್ರೆಂಚಿನಲ್ಲಿ ಬರೆದುಕೊಂಡರು, ನಂತರ ಲ್ಯಾಟಿನ್ನಿಗೆ ಇಳಿಸಿ ಪ್ರತಿಗಳನ್ನು ಮಾಡಿ ಮುದ್ರೆ ಒತ್ತಿದರು. ವಕೀಲನಿಲ್ಲದ ವಿಚಾರಣೆ ಇನ್ಕ್ವಿಸಿಷನ್ನಿನಲ್ಲಿ ಅಪರೂಪವೂ ಅಲ್ಲ. ಹೆದರಿಕೆ ಹುಟ್ಟಿಸುವುದು ಇದೇ: ಕಾಗದಪತ್ರ ಅಚ್ಚುಕಟ್ಟಾಗಿದ್ದ, ಪಂಡಿತರ ಸಹಿಯಿದ್ದ, ವಿಶ್ವವಿದ್ಯಾಲಯದ ಒಪ್ಪಿಗೆಯಿದ್ದ ವಿಚಾರಣೆ ಇದು. ಅದರ ಬಿರುಕು ಇದ್ದದ್ದು ಎಲ್ಲಿ ಎಂದರೆ, ಚರ್ಚಿನ ಕೈದಿಯನ್ನು ಚರ್ಚಿನ ಸೆರೆಮನೆಯಲ್ಲಿ, ಹೆಂಗಸರ ಕಾವಲಿನಲ್ಲಿ ಇಡುವ ಬದಲು ಇಂಗ್ಲಿಷ್ ಸೈನಿಕರ ಕಾವಲಿನ ಕೋಟೆಯಲ್ಲಿ ಬೇಡಿ ತೊಡಿಸಿ ಇಟ್ಟದ್ದರಲ್ಲಿ. ಚರ್ಚ್ ಅವಳನ್ನು ತಪ್ಪಿತಸ್ಥಳೆನ್ನದಿದ್ದರೆ ತಾವೇ ಮರಳಿ ವಶಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಇಂಗ್ಲಿಷ್ ರಾಜನ ಹೆಸರಿನಲ್ಲಿ ಬರೆದ 1431ರ ಜನವರಿ 3ರ ಪತ್ರದಲ್ಲಿ. ನಾರ್ಮಂಡಿಯ ಹೆಸರಾಂತ ಕಾನೂನು ಪಂಡಿತ ಜ್ಯಾನ್ ಲೊಯೆ ಕಡತ ನೋಡಿ, ಈ ವಿಚಾರಣೆ ಊರ್ಜಿತವಲ್ಲ ಎಂದು ಅಲ್ಲೇ ಹೇಳಿ, ರೂಆನ್ ಬಿಟ್ಟು ಹೊರಟ. ಆಕ್ಷೇಪಿಸಿದ ಇನ್ನೊಬ್ಬ ಪಾದ್ರಿ ನಿಕೊಲಾ ದ ಉಪ್ವಿಲ್ ಸೆರೆಮನೆ ಕಂಡ. ಉಳಿದವರು ಸಹಿ ಹಾಕಿದರು.

ಮೇ 24ರಂದು ಸೆಂತ್ ಊಆನ್ ಸ್ಮಶಾನದಲ್ಲಿ ವೇದಿಕೆ ಕಟ್ಟಿ, ಜನರೆದುರು ಉಪದೇಶ ಮಾಡಿ, ತಪ್ಪೊಪ್ಪಿಗೆಗೆ ಗುರುತು ಹಾಕೆಂದರು. ತನ್ನ ಮಾತುಗಳನ್ನು ರೋಮಿಗೆ, ಪೋಪರಿಗೆ ಕಳಿಸಿ ಎಂದು ಅವಳು ಕೇಳಿದಳು. ಪೋಪರು ಅಷ್ಟು ದೂರದಲ್ಲಿದ್ದಾರೆ, ಆಗದು ಎಂದರು. ತೀರ್ಪು ಓದಲು ತೊಡಗಿದಾಗ ಅವಳು ಮಣಿದಳು. ಅವಳು ಒಪ್ಪಿದ ಕಾಗದದಲ್ಲಿದ್ದದ್ದು ಆರೇಳು ಸಾಲು ಎಂದು ಅಲ್ಲಿ ನಿಂತು ನೋಡಿದವರು ಮುಂದೆ ಹೇಳಿದರು. ಕಡತದಲ್ಲಿ ಸೇರಿರುವುದು ಅದಕ್ಕಿಂತ ಎಷ್ಟೋ ಉದ್ದದ ಪತ್ರ. ಶಿಕ್ಷೆ ಜೀವಾವಧಿ ಸೆರೆ. ಚರ್ಚಿನ ಸೆರೆಗೆ ಕರೆದೊಯ್ಯುತ್ತಾರೆಂದು ಅವಳು ನಂಬಿದ್ದಳು. ಬಂದಲ್ಲಿಗೇ ಕರೆದೊಯ್ಯಿರಿ ಎಂದ ಕೊಶೋನ್.

ನಾಲ್ಕು ದಿನದ ನಂತರ ನೋಡಿದಾಗ ಅವಳು ಮತ್ತೆ ಗಂಡುಡುಪಿನಲ್ಲಿದ್ದಳು. ಇಂದಿನ ಚರ್ಚೆಗಳೆಲ್ಲ ಬಂದು ನಿಲ್ಲುವ ಬಾಗಿಲು ಇದು. ಮೊದಲ ಬಾರಿ ಧರ್ಮದ್ರೋಹ ಮಾಡಿ ತಪ್ಪೊಪ್ಪಿಕೊಂಡವರನ್ನು ಚರ್ಚ್ ಕೊಲ್ಲಿಸುವಂತಿರಲಿಲ್ಲ; ಮರಳಿ ಅದೇ ತಪ್ಪು ಮಾಡಿದವರನ್ನು ಮಾತ್ರ ಲೌಕಿಕ ಅಧಿಕಾರಕ್ಕೆ ಒಪ್ಪಿಸಬಹುದಿತ್ತು. ಆದ್ದರಿಂದ ಒಂದು ಉಡುಪಿನ ಮೇಲೆ ಜೀವ ನಿಂತಿತು. ಮೇ 28ರಂದು ಅವಳು ಕೊಟ್ಟ ಕಾರಣಗಳು ಕಡತದಲ್ಲಿವೆ: ಗಂಡಸರ ನಡುವೆ ಇರುವಾಗ ಇದೇ ಯೋಗ್ಯ; ಪೂಜೆಗೆ ಬಿಡುತ್ತೇವೆ, ಬೇಡಿ ತೆಗೆಯುತ್ತೇವೆ ಎಂದ ಮಾತನ್ನು ನೀವು ಉಳಿಸಿಕೊಳ್ಳಲಿಲ್ಲ. 1450ರ ದಶಕದಲ್ಲಿ ಸಾಕ್ಷಿ ಹೇಳಿದವರು ಕಾವಲುಗಾರರ ಬಲಾತ್ಕಾರದ ಯತ್ನದ ಮಾತು ಎತ್ತಿದರು. ಅವಳ ಹೆಣ್ಣುಡುಪನ್ನು ಕಾವಲುಗಾರರೇ ಕಿತ್ತುಕೊಂಡರೆಂದು ಕೋರ್ಟಿನ ಸಿಬ್ಬಂದಿ ಜ್ಯಾನ್ ಮಾಸ್ಯೂ ಹೇಳಿದ. ಹಾಗಿದ್ದರೆ ಅದು ಕೇವಲ ಆತ್ಮರಕ್ಷಣೆಯ ಉಡುಪೇ? ಅಷ್ಟೇ ಅಂದರೂ ಪೂರ್ತಿಯಾಗುವುದಿಲ್ಲ. ಅದೇ ವಿಚಾರಣೆಯಲ್ಲಿ ಮೊದಲು, ಉಡುಪು ಸಣ್ಣ ಸಂಗತಿ, ತೀರ ಸಣ್ಣದು ಎಂದಿದ್ದವಳೂ ಅವಳೇ. ದೇವರ ಅಪ್ಪಣೆಯಿಂದ ತೊಟ್ಟದ್ದು ಎಂದವಳೂ ಅವಳೇ. ಅಪಾಯವಿದ್ದಾಗ ಹೆಂಗಸು ಗಂಡುಡುಪು ತೊಟ್ಟರೆ ಪಾಪವಲ್ಲವೆಂದು ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಒಂದೂವರೆ ಶತಮಾನದ ಹಿಂದೆಯೇ ಬರೆದಿದ್ದ. ಅವಳು ಆ ವಾದವೊಂದನ್ನೇ ಹಿಡಿದಿದ್ದರೆ ಪಂಡಿತರಿಗೆ ಕಷ್ಟವಾಗುತ್ತಿತ್ತು. ಅವಳು ಹಿಡಿಯಲಿಲ್ಲ. ಇಂದಿನ ಪದವೊಂದನ್ನು ಅವಳಿಗೆ ಅಂಟಿಸುವವರೂ, ಅಯ್ಯೋ ಪಾಪ ರಕ್ಷಣೆಗಾಗಿ ತೊಟ್ಟಳು ಎನ್ನುವವರೂ ಅವಳ ಮಾತಿನ ಅರ್ಧವನ್ನು ಬಿಟ್ಟೇ ಮುಂದುವರಿಯುತ್ತಾರೆ.

ಧ್ವನಿಗಳನ್ನು ಅಲ್ಲಗಳೆದದ್ದು ಬೆಂಕಿಯ ಭಯದಿಂದ ಎಂದು ಅಂದೇ ಅವಳು ಹೇಳಿದಳು. ಆ ಸಾಲಿನ ಪಕ್ಕದ ಅಂಚಿನಲ್ಲಿ ನೋಟರಿ ‘ಮಾರಕ ಉತ್ತರ’ ಎಂದು ಲ್ಯಾಟಿನ್ನಿನಲ್ಲಿ ಗುರುತು ಮಾಡಿದ್ದಾನೆ. ಮೇ 30ರಂದು ಹಳೆಯ ಮಾರುಕಟ್ಟೆಯ ಚೌಕದಲ್ಲಿ ಅವಳನ್ನು ಸುಟ್ಟರು. ಲೌಕಿಕ ನ್ಯಾಯಾಧಿಕಾರಿ ತನ್ನದೇ ತೀರ್ಪು ಕೊಡಬೇಕಿತ್ತು. ಅದನ್ನೂ ಕೊಡದೆ ಕೊಂಡೊಯ್ಯಿರಿ ಎಂದನಂತೆ. ಬೂದಿಯನ್ನು ಸೆನ್ ನದಿಗೆ ಸುರಿದರು. (ಅವಳದೆಂದು ಪೂಜಿಸಲಾಗಿದ್ದ ಅವಶೇಷಗಳನ್ನು ಫ್ರೆಂಚ್ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಹೇಳಿದರು: ಈಜಿಪ್ಟಿನ ಮಮ್ಮಿಯ ತುಣುಕು ಮತ್ತು ಬೆಕ್ಕಿನ ಎಲುಬು.)

1449ರಲ್ಲಿ ರೂಆನ್ ಚಾರ್ಲ್ಸ್‌ನ ವಶವಾಯಿತು, ಕಡತವೂ ಸಿಕ್ಕಿತು. ಇಪ್ಪತ್ತು ವರ್ಷ ಸುಮ್ಮನಿದ್ದ ರಾಜನಿಗೆ 1450ರಲ್ಲಿ ನ್ಯಾಯದ ನೆನಪಾಯಿತು. ಧರ್ಮದ್ರೋಹಿಯ ಸಹಾಯದಿಂದ ಕಿರೀಟ ತೊಟ್ಟವನೆಂಬ ಕಲೆ ಅವನ ಮೇಲೆ ಉಳಿಯಬಾರದಿತ್ತು. ಪೋಪ್ ಮೂರನೆಯ ಕಲಿಕ್ಸ್ಟಸ್ ಅವರ ಅನುಮತಿ ಪಡೆದು, ದೂರುದಾರರು ಅವಳ ಮನೆಯವರೆಂದು ತೋರಿಸಿ ಹೊಸ ವಿಚಾರಣೆ ಆರಂಭಿಸಿದರು. 1455ರ ನವೆಂಬರ್ 7ರಂದು ಪ್ಯಾರಿಸ್ಸಿನ ನೋತ್ರ ದಾಮ್ ಕೆಥೆಡ್ರಲ್‌ನಲ್ಲಿ ವೃದ್ಧೆ ಇಸಬೆಲ್ ಬಂದು ಮಗಳ ಪರವಾಗಿ ಅರ್ಜಿ ಕೊಟ್ಟಳು. ಮಗಳನ್ನು ದೇವರ ಭಯದಲ್ಲಿ ಬೆಳೆಸಿದ್ದೆ ಎಂಬುದು ಆ ಅರ್ಜಿಯಲ್ಲಿತ್ತು. ತನ್ನ ಮೇಲಿನ ಆರೋಪಕ್ಕೆ ಆ ತಾಯಿ ಉತ್ತರ ಕೊಡಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು.

ಮುಂದಿನ ತಿಂಗಳುಗಳಲ್ಲಿ ವಿಚಾರಣಾಧಿಕಾರಿಗಳು ಡೊಂರೆಮಿಗೇ ಹೋದರು. ಮೂವತ್ತಕ್ಕೂ ಹೆಚ್ಚು ಮಂದಿಗೆ ಒಂದೇ ಪ್ರಶ್ನಾವಳಿ, ಮರದ ಪ್ರಶ್ನೆಯೂ ಸೇರಿ. ಅದೇ ಮರ ಈಗ ಎಷ್ಟು ಸಂಭಾವಿತವಾಗಿ ಮಾತಾಡಿತು ನೋಡಿ. ಊರ ಜಮೀನುದಾರರೂ ಅವರ ಹೆಂಡತಿಯರೂ ಅಲ್ಲಿ ಅಡ್ಡಾಡುತ್ತಿದ್ದರು, ‘ಒಡತಿಯರ ಮರ’ ಎಂಬ ಹೆಸರು ಅದರಿಂದ. ಈಸ್ಟರ್‌ಗೆ ಮುಂಚಿನ ಒಂದು ಭಾನುವಾರ ಹುಡುಗ ಹುಡುಗಿಯರು ಮನೆಯಲ್ಲಿ ಸುಟ್ಟ ರೊಟ್ಟಿ ಒಯ್ದು ಮರದಡಿ ತಿಂದು, ಬುಗ್ಗೆಯ ನೀರು ಕುಡಿದು ಬರುತ್ತಾರೆ. ಜೋನಳೂ ಹಾಗೆಯೇ ಬಂದಳು, ಎಲ್ಲರಂತೆ. ಊರವರ ಸಾಕ್ಷ್ಯದಲ್ಲಿ ಬಂದ ಒಂದು ಮಾತು ನನಗೆ ಬಹಳ ಇಷ್ಟ: ಯೇಸುವಿನ ಸ್ವರ್ಗಾರೋಹಣ ಹಬ್ಬದ ಹಿಂದಿನ ದಿನ ಪಾದ್ರಿ ಮೆರವಣಿಗೆಯಲ್ಲಿ ಹೋಗಿ ಮರದ ಬಳಿ ಯೋವಾನ್ನನ ಸುವಾರ್ತೆ ಓದುತ್ತಾರೆ, ಹಾಗಾಗಿ ಯಕ್ಷಿಯರು ಈಗ ಬರುವುದಿಲ್ಲ. ಯಕ್ಷಿಯರು ಇರಲೇ ಇಲ್ಲ ಎಂದು ಅವರು ಹೇಳಲಿಲ್ಲ.

ಈ ಕಡತವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸಾಕ್ಷಿಗಳೆಲ್ಲರ ಬಾಯಲ್ಲಿ ಅದೇ ಪದಗಳು: ಒಳ್ಳೆಯವಳು, ಸರಳಳು, ದೈವಭಕ್ತೆ, ನೂಲುತ್ತಿದ್ದಳು, ದನಕುರಿ ಕಾಯುತ್ತಿದ್ದಳು. ಕುರಿ ಕಾಯುವ ಹುಡುಗಿಯೆಂಬ ಚಿತ್ರಕ್ಕೆ ಇಲ್ಲಿಂದ ಬಲ ಬಂತು. 1431ರಲ್ಲಿ ಜೋನ್ ತಾನೇ ಹೇಳಿದ್ದು ಬೇರೆ: ಬುದ್ಧಿ ಬಂದ ಮೇಲೆ ಸಾಮಾನ್ಯವಾಗಿ ತಾನು ಕಾಯಲಿಲ್ಲ, ದಂಡು ಬರುವ ಭಯವಿದ್ದಾಗ ಹೊಡೆದುಕೊಂಡು ಹೋಗಲು ನೆರವಾಗಿದ್ದುಂಟು, ಚಿಕ್ಕಂದಿನದು ನೆನಪಿಲ್ಲ. ಕೈಯಲ್ಲಿ ರಾಟೆಯ ನೂಲು ಹಿಡಿದ ರೈತನ ಮಗಳಿಗಿಂತ ಕುರಿಮಂದೆಯ ನಡುವಿನ ಮುಗ್ಧೆ ಸಂತತನಕ್ಕೆ ಹೆಚ್ಚು ಒಪ್ಪುತ್ತಾಳೆ. ನೆಫ್ಶಾತೊದಲ್ಲಿ ಅವಳ ಜೊತೆ ಅಪ್ಪ-ಅಮ್ಮ ಇದ್ದೇ ಇದ್ದರು ಎಂದೂ ಊರವರು ಒಂದೇ ದನಿಯಲ್ಲಿ ಹೇಳಿದರು. ಕಡತದ ಚೌಕಟ್ಟಿನಿಂದ ಹೊರಬಿದ್ದ ಚೂರುಗಳು ಅಲ್ಲಲ್ಲಿ ಸಿಗುತ್ತವೆ. ಸಂಜೆಯ ಗಂಟೆ ಬಾರಿಸಲು ಮರೆತರೆ ಜೋನ್ ಬಂದು ಗದರುತ್ತಿದ್ದಳು, ಸರಿಯಾಗಿ ಬಾರಿಸಿದರೆ ಏನಾದರೂ ಕೊಡುತ್ತೇನೆನ್ನುತ್ತಿದ್ದಳು ಎಂದು ಚರ್ಚಿನ ಗಂಟೆಯ ಕೆಲಸದವನು ನೆನೆದ.

1456ರ ಜುಲೈ 7ರಂದು ರೂಆನ್‌ನಲ್ಲೇ ಹಳೆಯ ತೀರ್ಪು ರದ್ದಾಯಿತು. ವಂಚನೆ, ತಿರುಚಿದ ಕಲಮುಗಳು, ದೋಷಪೂರ್ಣ ಕ್ರಮ ಎಂಬುದು ಕಾರಣ. ಧ್ವನಿಗಳು ದೇವರಿಂದಲೇ ಬಂದವೆಂದು ಆ ತೀರ್ಪು ಹೇಳಲಿಲ್ಲ. ಚರ್ಚ್ ಅವಳನ್ನು ಸಂತಳೆಂದು ಘೋಷಿಸಿದ್ದು 1920ರ ಮೇ 16ರಂದು, ಮೊದಲ ಮಹಾಯುದ್ಧದ ಬೆನ್ನಿಗೆ, ಫ್ರೆಂಚ್ ಗಣರಾಜ್ಯಕ್ಕೂ ರೋಮಿಗೂ ಮುರಿದಿದ್ದ ಸಂಬಂಧ ಮತ್ತೆ ಕೂಡಿಬರುತ್ತಿದ್ದ ಹೊತ್ತಿನಲ್ಲಿ. ಅದೇ ವರ್ಷ ಗಣರಾಜ್ಯವೂ ಅವಳಿಗೆ ತನ್ನ ಹಬ್ಬವನ್ನು ಕೊಟ್ಟಿತು.

ಎರಡೂ ಕಡತಗಳಿಗೆ ಸೇರದ ಮೂರನೆಯದೊಂದು ಇರಬೇಕಿತ್ತು. ಅವಳಿನ್ನೂ ಬದುಕಿದ್ದಾಗಲೇ ಕೊಶೋನ್‌ನ ಕಡೆಯವರು ಡೊಂರೆಮಿಗೂ ಸುತ್ತಲ ಊರುಗಳಿಗೂ ಜನರನ್ನು ಕಳಿಸಿ ಅವಳ ನಡತೆಯ ಬಗ್ಗೆ ಮಾಹಿತಿ ತರಿಸಿಕೊಂಡಿದ್ದರು. ಸಂತಳೂ ಆಗಿರದ, ಧರ್ಮದ್ರೋಹಿಯೂ ಆಗಿರದ ಜಾನೆತ್‌ಳ ಬಗ್ಗೆ ನೆರೆಹೊರೆಯವರು ಆಡಿದ ಮಾತು ಅದರಲ್ಲಿತ್ತು. ಅದನ್ನು 1431ರ ಜನವರಿಯಲ್ಲಿ ಪಂಡಿತರ ಮುಂದೆ ಓದಲಾಯಿತೆಂಬ ನಮೂದು ವಿಚಾರಣೆಯ ಕಡತದಲ್ಲಿದೆ. ಓದಿದ್ದು ಏನು ಎಂಬುದು ಇಲ್ಲ. ರೂಆನ್‌ನ ವರ್ತಕ ಜ್ಯಾನ್ ಮೊರೊ ಎರಡನೆಯ ನ್ಯಾಯಾಲಯದಲ್ಲಿ ಒಂದು ಸಂಗತಿ ಹೇಳಿದ. ಆ ವಿಚಾರಣೆಗೆಂದು ಊರೂರು ಸುತ್ತಿ ಬಂದಿದ್ದ ಲೊರೇನ್ ಸೀಮೆಯ ಒಬ್ಬ ಗಣ್ಯ ಅವನಿಗೆ ಸಿಕ್ಕಿದ್ದನಂತೆ. ನನ್ನ ತಂಗಿಯಲ್ಲಿ ಇರಬಾರದೆಂದು ನಾನು ಬಯಸುವಂಥದ್ದು ಯಾವುದೂ ಅವಳಲ್ಲಿ ಸಿಗಲಿಲ್ಲ ಎಂದನಂತೆ. ಅದನ್ನು ಹೋಗಿ ಬಿಷಪ್‌ಗೆ ಒಪ್ಪಿಸಿದ್ದಕ್ಕೆ, ನೀನೊಬ್ಬ ದ್ರೋಹಿ ಎಂದು ಬೈಸಿಕೊಂಡು ಬಂದಿದ್ದ. ತಿರುಗಾಡಿದ ಖರ್ಚೂ ಅವನಿಗೆ ಸಿಕ್ಕಿರಲಿಲ್ಲ.